ಅಂಗಸ್ವಾಧೀನ ತಪ್ಪಿದವರು ಮತ್ತು ಚಿಕಿತ್ಸಾ ಪ್ರಯೋಗಗಳು

ಬೆನ್ನುಹುರಿಗೆ ಪೆಟ್ಟು ಬಿದ್ದೋ ಮಿದುಳಿನ ರಕ್ತನಾಳ ಕಟ್ಟಿಕೊಂಡೋ ಕೈಕಾಲುಗಳ ಸ್ವಾಧೀನ ತಪ್ಪಿದವರಿಗೆ ಕೊಡಬಹುದಾದ ಹೊಸ ಔಷಧ, ಜೀವಕೋಶ, ವಿದ್ಯುತ್ ಉಪಕರಣ ಅಥವಾ ವ್ಯಾಯಾಮ ಕ್ರಮವು ನಿಜಕ್ಕೂ ಗುಣ ಕೊಡುತ್ತದೆಯೇ, ಹಾನಿ ಮಾಡುವುದಿಲ್ಲವೇ ಎಂಬುದನ್ನು ಒಪ್ಪಿಗೆ ಕೊಟ್ಟ ರೋಗಿಗಳ ಮೇಲೆ, ಮೊದಲೇ ಬರೆದಿಟ್ಟ ಯೋಜನೆಯಂತೆ ಪರೀಕ್ಷಿಸುವ ಸಂಶೋಧನೆ. ಆಸ್ಪತ್ರೆಗಳಲ್ಲಿ ಇದನ್ನು ಕ್ಲಿನಿಕಲ್ ಟ್ರಯಲ್ ಅಥವಾ ಬರೀ ಟ್ರಯಲ್ ಎನ್ನುತ್ತಾರೆ. ಈ ಲೇಖನ ಮುಖ್ಯವಾಗಿ ಬೆನ್ನುಹುರಿ ಘಾತದ ಟ್ರಯಲ್‌ಗಳನ್ನು ಕುರಿತದ್ದು. ಪಾರ್ಶ್ವವಾಯುವಿನ ಮಾತು ಅಗತ್ಯವಿದ್ದಷ್ಟು ಮಾತ್ರ ಬರುತ್ತದೆ.

ಜಗತ್ತಿನಲ್ಲಿ 1.5 ಕೋಟಿಗೂ ಹೆಚ್ಚು ಜನ ಬೆನ್ನುಹುರಿ ಘಾತದೊಂದಿಗೆ ಬದುಕುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಕರ್ನಾಟಕದಲ್ಲಿ ಈ ಸ್ಥಿತಿಗೆ ಬಂದವರಲ್ಲಿ ಬೈಕು, ಲಾರಿ ಅಪಘಾತಕ್ಕೆ ಸಿಕ್ಕವರು, ಕಟ್ಟಡದ ಸಾರುವೆಯಿಂದ ಬಿದ್ದವರು, ಮಲೆನಾಡು ಕರಾವಳಿಗಳಲ್ಲಿ ಅಡಿಕೆ, ತೆಂಗಿನ ಮರದಿಂದ ಜಾರಿದವರು ಎಲ್ಲರೂ ಇದ್ದಾರೆ. ಆಸ್ಪತ್ರೆಯಿಂದ ಕಳಿಸುವಾಗ ಇವರ ಮನೆಯವರಿಗೆ ಸಿಗುವುದು ಸಾಮಾನ್ಯವಾಗಿ ಎರಡು ಮಾತು: ಫಿಸಿಯೊಥೆರಪಿ ಬಿಡಬೇಡಿ, ಬೆಡ್‌ಸೋರ್ ಆಗದಂತೆ ನೋಡಿಕೊಳ್ಳಿ. ಮನೆಗೆ ಬಂದು ಸ್ವಲ್ಪ ದಿನಕ್ಕೇ ಯಾರೋ ನೆಂಟರು ಸ್ಟೆಮ್ ಸೆಲ್ ಚಿಕಿತ್ಸೆಯ ವಿಡಿಯೊ ಕಳಿಸಿರುತ್ತಾರೆ. ನಿಜವಾದ ಟ್ರಯಲ್‌ಗಳು ಇರುವುದು ಆಸ್ಪತ್ರೆಯ ಆ ಸಲಹೆಗೂ ಈ ವಿಡಿಯೊಗೂ ನಡುವೆ. ಅವುಗಳೊಳಗೆ ಯಾರಿಗೆ ಪ್ರವೇಶ ಎಂಬುದನ್ನು ರೋಗಿಯ ಹಂಬಲವಾಗಲಿ ಹಣವಾಗಲಿ ತೀರ್ಮಾನಿಸುವುದಿಲ್ಲ. ಪೆಟ್ಟಾದ ದಿನಾಂಕ ಮತ್ತು ಪರೀಕ್ಷೆಯ ಹಾಳೆಯಲ್ಲಿ ಬರೆದ ಒಂದು ಅಕ್ಷರ ತೀರ್ಮಾನಿಸುತ್ತವೆ. ಇವೆರಡನ್ನು ತಿಳಿಯದೆ ಹುಡುಕಲು ಹೊರಟವರ ಶ್ರಮ ಬಹುಪಾಲು ವ್ಯರ್ಥ.

ಘಾತದ ದರ್ಜೆ

ಆ ಅಕ್ಷರ ಬರುವುದು ಅಮೆರಿಕನ್ ಸ್ಪೈನಲ್ ಇಂಜುರಿ ಅಸೋಸಿಯೇಷನ್ ರೂಪಿಸಿದ, ಈಗ ಜಗತ್ತೆಲ್ಲ ಬಳಸುವ ಮಾಪಕದಿಂದ. ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ವೈದ್ಯರು 'ಏಷ್ಯಾ ಎ', 'ಏಷ್ಯಾ ಸಿ' ಎಂದು ಹೇಳುವುದು ವಾಡಿಕೆ. ಪರೀಕ್ಷೆಗೆ ಯಂತ್ರವೇನೂ ಬೇಡ. ರೋಗಿಯನ್ನು ಅಂಗಾತ ಮಲಗಿಸಿ, ಮೈಯ ಒಂದೊಂದು ಬದಿಯಲ್ಲಿ 28 ಜಾಗಗಳನ್ನು ಹತ್ತಿಯ ಎಳೆಯಿಂದ ಸವರುತ್ತಾರೆ. ಅದೇ ಜಾಗಗಳಿಗೆ ಸೇಫ್ಟಿ ಪಿನ್ನಿನ ಚೂಪು ತುದಿ, ಮೊಂಡು ತುದಿ ಎರಡನ್ನೂ ತಾಗಿಸಿ ಯಾವುದೆಂದು ಕೇಳುತ್ತಾರೆ. ಕೆನ್ನೆಯ ಮೇಲೆ ಮುಟ್ಟಿದಾಗ ಅನಿಸಿದ ಹಾಗೆಯೇ ಅನಿಸಿದರೆ 2 ಅಂಕ, ಬೇರೆ ಥರ ಅನಿಸಿದರೆ 1, ಏನೂ ತಿಳಿಯದಿದ್ದರೆ 0. ಆಮೇಲೆ ಪ್ರತಿ ಬದಿಯ 10 ಸ್ನಾಯುಗಳ ಬಲವನ್ನು 0ಯಿಂದ 5ರವರೆಗೆ ಅಳೆಯುತ್ತಾರೆ. ಎಲ್ಲ ಸರಿಯಿದ್ದವರಿಗೆ ಒಟ್ಟು 100. ಕೊನೆಯದು ಗುದದ್ವಾರದ ಪರೀಕ್ಷೆ. ಅಲ್ಲಿ ಬೆರಳಿನ ಒತ್ತಡ ತಿಳಿಯುತ್ತದೆಯೇ, ಹೇಳಿದಾಗ ಬಿಗಿ ಹಿಡಿಯಲು ಆಗುತ್ತದೆಯೇ ಎಂದು ನೋಡುತ್ತಾರೆ. ಮುಜುಗರದ ಕೆಲಸವೆಂದು ಇದನ್ನು ಬಿಟ್ಟುಬಿಡುವ ಆಸ್ಪತ್ರೆಗಳೂ ಉಂಟು. ಆದರೆ ಇದಿಲ್ಲದೆ ದರ್ಜೆ ಹೇಳಲು ಬರುವುದಿಲ್ಲ. ಬೆನ್ನುಹುರಿಯ ಕಟ್ಟಕಡೆಯ ಭಾಗದ ನರಗಳಿಗೆ ಸುದ್ದಿ ತಲಪುತ್ತಿದೆಯೇ ಇಲ್ಲವೇ ಎಂಬುದು ಗೊತ್ತಾಗುವುದೇ ಅಲ್ಲಿ.

ಅಲ್ಲಿ ಸ್ಪರ್ಶವೂ ಚಲನೆಯೂ ಇಲ್ಲದಿದ್ದರೆ ಎ, ಅಂದರೆ ಪೂರ್ಣ ಘಾತ. ಸ್ಪರ್ಶವಿದ್ದು ಪೆಟ್ಟಿನ ಕೆಳಗೆ ಚಲನೆ ಇಲ್ಲದಿದ್ದರೆ ಬಿ. ಚಲನೆ ಇದ್ದೂ ಪೆಟ್ಟಿನ ಕೆಳಗಿನ ಅರ್ಧಕ್ಕಿಂತ ಹೆಚ್ಚು ಸ್ನಾಯುಗಳು 3 ಅಂಕ ಮುಟ್ಟದಿದ್ದರೆ ಸಿ. ಅರ್ಧವಾದರೂ ಮುಟ್ಟಿದರೆ ಡಿ. ಪೆಟ್ಟಾಗಿದ್ದವರು ಪೂರ್ತಿ ಸರಿಹೋದರೆ ಇ. ಇದರ ಜೊತೆಗೆ ಪೆಟ್ಟಿನ ಮಟ್ಟವನ್ನೂ ಬರೆಯುತ್ತಾರೆ: ಕತ್ತಿನದಾದರೆ ಸಿ5, ಸಿ6, ಎದೆಯ ಹಿಂದಿನದಾದರೆ ಟಿ4, ಟಿ10, ಸೊಂಟದ್ದಾದರೆ ಎಲ್1. 'ಟಿ10, ಏಷ್ಯಾ ಎ, ಪೆಟ್ಟಾಗಿ ಇಷ್ಟು ತಿಂಗಳು' ಎಂಬಷ್ಟು ಮಾಹಿತಿ ಕೈಯಲ್ಲಿದ್ದರೆ ಯಾವ ದೇಶದ ಟ್ರಯಲ್ ತಂಡಕ್ಕೂ ಪತ್ರ ಬರೆಯಬಹುದು.

ದಿನಾಂಕಕ್ಕೆ ಇಷ್ಟು ಬೆಲೆ ಬಂದದ್ದೇಕೆ? ಪೆಟ್ಟು ಬಿದ್ದ ಮೇಲೆ ದೇಹ ತಾನಾಗಿಯೇ ಒಂದಷ್ಟು ಚೇತರಿಸಿಕೊಳ್ಳುತ್ತದೆ. ಬೇರೆ ಬೇರೆ ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ 2007ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಮೊದಲು ಎ ದರ್ಜೆಯಲ್ಲಿದ್ದವರಲ್ಲಿ ಸುಮಾರು ನೂರಕ್ಕೆ 80 ಮಂದಿ ಅಲ್ಲೇ ಉಳಿಯುತ್ತಾರೆ; ಸುಮಾರು 10 ಮಂದಿ ಬಿ ದರ್ಜೆಗೂ ಇನ್ನು 10 ಮಂದಿ ಸಿ ದರ್ಜೆಗೂ ಏರುತ್ತಾರೆ. ಈ ಚೇತರಿಕೆಯಲ್ಲಿ ಹೆಚ್ಚಿನದು ಮೊದಲ ಮೂರು ತಿಂಗಳಲ್ಲೇ ಆಗುತ್ತದೆ. ಆಮೇಲೆ ವರ್ಷ, ಒಂದೂವರೆ ವರ್ಷದವರೆಗೆ ನಿಧಾನವಾಗಿ ಸಾಗುತ್ತದೆ. ಎರಡನೇ ತಿಂಗಳಲ್ಲಿ ಇಂಜೆಕ್ಷನ್ ಕೊಟ್ಟು ನಾಲ್ಕನೇ ತಿಂಗಳಲ್ಲಿ ಕಾಲ್ಬೆರಳು ಅಲುಗಿದ ವಿಡಿಯೊ ತೋರಿಸಿದರೆ, ಅಲುಗಿಸಿದ್ದು ಇಂಜೆಕ್ಷನ್ನೋ ಕಾಲವೋ ಎಂದು, ಆ ಚಿಕಿತ್ಸೆ ಪಡೆಯದವರ ಹೋಲಿಕೆಯ ಗುಂಪಿಲ್ಲದೆ ಯಾರೂ ಹೇಳಲಾರರು. ಆದ್ದರಿಂದ ಟ್ರಯಲ್‌ಗಳು ಒಂದೋ ಗಂಟೆಗಳ ಲೆಕ್ಕದಲ್ಲಿ, ಇಲ್ಲವೆ ಕೆಲವು ವಾರಗಳೊಳಗೆ, ಇಲ್ಲವೆ ಸ್ಥಿತಿ ಒಂದು ಹದಕ್ಕೆ ನಿಂತ ಮೇಲೆ, ಅಂದರೆ ವರ್ಷ ಕಳೆದ ಮೇಲೆ ರೋಗಿಗಳನ್ನು ತೆಗೆದುಕೊಳ್ಳುತ್ತವೆ.

ಈವರೆಗಿನ ದಾರಿ

ಅಮೆರಿಕದಲ್ಲಿ ನಡೆದು 1990ರಲ್ಲಿ ಪ್ರಕಟವಾದ, 487 ರೋಗಿಗಳ ಎರಡನೇ ರಾಷ್ಟ್ರೀಯ ಬೆನ್ನುಹುರಿ ಘಾತ ಅಧ್ಯಯನವು ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡನ್ನು ಪೆಟ್ಟಾದ 8 ಗಂಟೆಯೊಳಗೆ ಭಾರಿ ಪ್ರಮಾಣದಲ್ಲಿ ಕೊಟ್ಟರೆ ಲಾಭವಿದೆಯೆಂದು ಸಾರಿತು. ಲೋಕದ ತುರ್ತು ಚಿಕಿತ್ಸಾ ಕೊಠಡಿಗಳೆಲ್ಲ ಅದನ್ನು ಅನುಸರಿಸಿದವು. ಆದರೆ ಆ ಲಾಭ ಕಂಡದ್ದು ಎಲ್ಲ ರೋಗಿಗಳಲ್ಲಲ್ಲ, ಒಂದು ಉಪಗುಂಪಿನಲ್ಲಿ ಮಾತ್ರ. ಸೋಂಕಿನಂಥ ತೊಂದರೆಗಳೂ ಇದ್ದವು. ವಾದ ಎರಡು ದಶಕ ನಡೆದು, 2013ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕರ ಮಾರ್ಗಸೂಚಿ ಈ ಔಷಧವನ್ನು ಕೊಡಬೇಡಿ ಎಂದಿತು. ಇನ್ನೊಂದು ಔಷಧವಾದ ಜಿಎಂ-1 ಗ್ಯಾಂಗ್ಲಿಯೊಸೈಡ್‌ನ ಕತೆಯೂ ಇಂಥದ್ದೇ. 1991ರಲ್ಲಿ ಮೂವತ್ತು ಚಿಲ್ಲರೆ ಜನರ ಸಣ್ಣ ಟ್ರಯಲ್ ಆಸೆ ಹುಟ್ಟಿಸಿತ್ತು. ಮುಂದೆ 28 ಆಸ್ಪತ್ರೆಗಳಲ್ಲಿ 760 ರೋಗಿಗಳ ಲೆಕ್ಕ ಹಾಕಿದಾಗ, ಔಷಧ ಪಡೆದವರು ಮೊದಲು ತುಸು ಬೇಗ ಚೇತರಿಸಿಕೊಂಡರೂ ಕೊನೆಗೆ ಎರಡೂ ಗುಂಪು ಒಂದೇ ಕಡೆ ಬಂದು ನಿಂತವು.

ರೋಗಿಗಳ ಕಡೆಯಿಂದ ನೋಡಿದರೆ ಹೆಚ್ಚು ಕಲಿಸುವುದು ಪ್ರೊಕಾರ್ಡ್ ಟ್ರಯಲ್. ರೋಗಿಯ ರಕ್ತದಿಂದಲೇ ತೆಗೆದ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳನ್ನು ಹದಗೊಳಿಸಿ, ಪೆಟ್ಟಾದ 14 ದಿನಗಳೊಳಗೆ ಬೆನ್ನುಹುರಿಗೆ ಚುಚ್ಚುವುದು ಅದರ ಕ್ರಮ. ಇದಕ್ಕಾಗಿ 1,816 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ ಬಹುಪಾಲು ಮಂದಿ ನಿಯಮಗಳಿಗೆ ಹೊಂದಲಿಲ್ಲ. ಕೊನೆಗೆ ಗುಂಪುಗಳಿಗೆ ಹಂಚಿದ್ದು 50 ಜನರನ್ನು; ಫಲಿತಾಂಶದ ಲೆಕ್ಕಕ್ಕೆ ಸಿಕ್ಕವರು 43: ಚಿಕಿತ್ಸೆ ಪಡೆದ 26 ಮಂದಿ, ಹೋಲಿಕೆಯ 17 ಮಂದಿ. ದುಡ್ಡಿಲ್ಲದೆ ಟ್ರಯಲ್ ನಡುವೆಯೇ ನಿಂತಿತು. 2012ರಲ್ಲಿ ಪ್ರಕಟವಾದ ಫಲಿತಾಂಶ ಲಾಭವಿಲ್ಲವೆಂದಿತು. 'ನಿಮಗೆ ಆಗುವುದಿಲ್ಲ' ಎಂಬ ಉತ್ತರ ಬಂದಾಗ ತಮಗೊಬ್ಬರಿಗೇ ಅನ್ಯಾಯವಾಯಿತೆಂದು ನೊಂದುಕೊಳ್ಳುವವರು ಈ ಅಂಕಿಗಳನ್ನು ನೋಡಬೇಕು. ಅಲ್ಲಿ ಬಹುಪಾಲು ಮಂದಿಗೆ ಸಿಕ್ಕಿದ್ದು ಅದೇ ಉತ್ತರ.

ಮಾನವ ಭ್ರೂಣದ ಆಕರಕೋಶಗಳಿಂದ (ಸ್ಟೆಮ್ ಸೆಲ್) ಬೆಳೆಸಿದ ಕೋಶಗಳನ್ನು ಬೆನ್ನುಹುರಿಗೆ ಸೇರಿಸುವ ಜೆರಾನ್ ಕಂಪನಿಯ ಟ್ರಯಲ್ 2010ರ ಅಕ್ಟೋಬರಿನಲ್ಲಿ ಅಟ್ಲಾಂಟಾದ ಶೆಪರ್ಡ್ ಸೆಂಟರಿನಲ್ಲಿ ಶುರುವಾಗಿ, 2011ರ ನವೆಂಬರಿನಲ್ಲಿ ಬೆರಳೆಣಿಕೆಯ ರೋಗಿಗಳಾದ ಮೇಲೆ ಹಣದ ಕಾರಣಕ್ಕೇ ನಿಂತಿತು. ಕೋಶ ಪಡೆದವರನ್ನು 15 ವರ್ಷ ಗಮನಿಸಬೇಕೆಂಬ ಕರಾರು ಮಾತ್ರ ಉಳಿಯಿತು. ಮುಂದೆ ಬೇರೆ ಕಂಪನಿಗಳು ಆ ಕೋಶಗಳ ಪ್ರಯೋಗವನ್ನು ಕೈಗೆತ್ತಿಕೊಂಡವು. ಜ್ಯೂರಿಕ್‌ನ ಮಾರ್ಟಿನ್ ಶ್ವಾಬ್ ಹತ್ತಾರು ವರ್ಷ ಬೆನ್ನುಹತ್ತಿದ, ನರತಂತುಗಳ ಮರುಬೆಳವಣಿಗೆ ತಡೆಯುವ ನೋಗೋ-ಎ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು ಯೂರೋಪಿನ ನಾಲ್ಕು ದೇಶಗಳಲ್ಲಿ 126 ಕತ್ತುಪೆಟ್ಟಿನ ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2024ರ ಕೊನೆಯಲ್ಲಿ ಬಂದ ಫಲಿತಾಂಶದಲ್ಲಿ ಮುಖ್ಯ ಗುರಿ ಈಡೇರಲಿಲ್ಲ. ಸ್ವಲ್ಪವಾದರೂ ಚಲನೆ ಉಳಿದಿದ್ದವರಲ್ಲಿ ಏನೋ ಪ್ರಯೋಜನ ಇರಬಹುದೆಂಬ ಸೂಚನೆ ಸಿಕ್ಕಿತು. ಜಪಾನಿನ ಕಿಯೊ ವಿಶ್ವವಿದ್ಯಾಲಯದಲ್ಲಿ ಹಿದೆಯುಕಿ ಒಕಾನೊ ಅವರ ತಂಡ ಐಪಿಎಸ್ ಕೋಶಗಳಿಂದ (ಸಾಮಾನ್ಯ ಕೋಶಗಳನ್ನೇ ಮಾರ್ಪಡಿಸಿ ಪಡೆದ ಆಕರಕೋಶಗಳು) ಬೆಳೆಸಿದ ನರ ಪೂರ್ವಕೋಶಗಳನ್ನು 2021ರ ಡಿಸೆಂಬರಿನಿಂದ ನಾಲ್ವರಿಗೆ ಸೇರಿಸಿತು. 2025ರಲ್ಲಿ ಹೊರಬಿದ್ದ ವರದಿಯಂತೆ ಇಬ್ಬರಲ್ಲಿ ಸುಧಾರಣೆ ಕಂಡಿದೆ. ಹೋಲಿಕೆಯ ಗುಂಪಿಲ್ಲದ ನಾಲ್ವರ ಅನುಭವದಿಂದ ತೀರ್ಪು ಹೇಳುವುದು ಸಲ್ಲದು.

ವಿದ್ಯುತ್ ಪ್ರಚೋದನೆಯ ಕತೆ ಬೇರೆ. ಪೆಟ್ಟಾಗಿ ವರ್ಷಗಳು ಕಳೆದವರಿಗೆ ಬಾಗಿಲು ತೆರೆದದ್ದೇ ಈ ಕ್ಷೇತ್ರ. 2011ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಸೂಸನ್ ಹಾರ್ಕೆಮಾ ಅವರ ತಂಡ, ಬೆನ್ನುಹುರಿಯ ಹೊದಿಕೆಯ ಮೇಲೆ ಕೂರಿಸಿದ ಎಲೆಕ್ಟ್ರೋಡುಗಳಿಂದ ಯುವಕನೊಬ್ಬ ಎದ್ದು ನಿಲ್ಲಲು ಸಾಧ್ಯವಾದುದನ್ನು ವರದಿ ಮಾಡಿತು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗ್ರೆಗ್ವಾರ್ ಕೂರ್ಟೀನ್ ಮತ್ತು ಜೋಸ್ಲಿನ್ ಬ್ಲಾಕ್ 2018ರಲ್ಲಿ ಮೂವರನ್ನು ನಡೆಸಿದರು; 2023ರಲ್ಲಿ ಮಿದುಳಿನ ಸಂಕೇತವನ್ನೇ ಬೆನ್ನುಹುರಿಗೆ ದಾಟಿಸುವ ಸೇತುವೆಯನ್ನು ತೋರಿಸಿದರು. ಶಸ್ತ್ರಚಿಕಿತ್ಸೆಯೇ ಬೇಡದ, ಚರ್ಮದ ಮೇಲಿಂದಲೇ ಕತ್ತಿನ ಭಾಗಕ್ಕೆ ವಿದ್ಯುತ್ ಕೊಡುವ ಆರ್ಕ್-ಇಎಕ್ಸ್ ಉಪಕರಣದ 'ಅಪ್-ಲಿಫ್ಟ್' ಟ್ರಯಲ್‌ನಲ್ಲಿ 60 ಮಂದಿಗೆ ಎರಡು ತಿಂಗಳು ಬರೀ ವ್ಯಾಯಾಮ, ಆಮೇಲೆ ಎರಡು ತಿಂಗಳು ಪ್ರಚೋದನೆಯೊಂದಿಗೆ ವ್ಯಾಯಾಮ ಮಾಡಿಸಿದರು. ಅವರಲ್ಲಿ ನೂರಕ್ಕೆ 72 ಮಂದಿಯ ಕೈಯ ಬಲ, ಬಳಕೆ ಎರಡೂ ಹೆಚ್ಚಿದವು. ಪೆಟ್ಟಾಗಿ 34 ವರ್ಷವಾಗಿದ್ದವರೂ ಆ ಗುಂಪಿನಲ್ಲಿದ್ದರು. 2024ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದರ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಇದೂ ವ್ಹೀಲ್‌ಚೇರ್ ಬಿಡಿಸುವ ಉಪಕರಣವಲ್ಲ. ಲೋಟ ಹಿಡಿಯಲಾಗದವರು ಹಿಡಿಯುವಂತಾದರೆ ಅದರ ಕೆಲಸವಾಯಿತು.

ಮಿದುಳಿನಲ್ಲಿ ಎಲೆಕ್ಟ್ರೋಡ್ ಇಟ್ಟು ಕಂಪ್ಯೂಟರ್ ನಡೆಸುವ ಟ್ರಯಲ್‌ಗಳು, ಅಂದರೆ 2004ರಲ್ಲಿ ಶುರುವಾದ ಬ್ರೇನ್‌ಗೇಟ್, 2024ರ ಜನವರಿಯಲ್ಲಿ ಮೊದಲ ರೋಗಿಗೆ ಅಳವಡಿಸಿದ ನ್ಯೂರಾಲಿಂಕ್ ಮುಂತಾದವು, ಕೈಕಾಲು ಆಡಿಸುವುದಕ್ಕಿಂತ ಪರದೆಯ ಮೇಲಿನ ಬಾಣ ಆಡಿಸುವುದಕ್ಕೇ ಹೆಚ್ಚಾಗಿ ಸಂಬಂಧಿಸಿದವು. ಪತ್ರಿಕೆಗಳಲ್ಲಿ ಇವಕ್ಕೆ ಸಿಗುವ ಜಾಗ ದೊಡ್ಡದು, ಇವುಗಳಲ್ಲಿ ರೋಗಿಗಳಿಗಿರುವ ಜಾಗ ತೀರ ಸಣ್ಣದು.

ಭಾರತದ ಅನುಭವವೂ ಇದೆ. ದೆಹಲಿಯ ಏಮ್ಸ್‌ನ ಮುಂದಾಳತ್ವದಲ್ಲಿ 120 ಪಾರ್ಶ್ವವಾಯು ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಟ್ರಯಲ್, ರೋಗಿಯದೇ ಅಸ್ಥಿಮಜ್ಜೆಯ ಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟರೆ ಅಪಾಯವೇನಿಲ್ಲ, ಆದರೆ ಪ್ರಯೋಜನವೂ ಕಾಣುವುದಿಲ್ಲ ಎಂದು ತೋರಿಸಿತು. ದೇಶದ 14 ಕೇಂದ್ರಗಳಲ್ಲಿ 1,250 ರೋಗಿಗಳೊಂದಿಗೆ ನಡೆದ ಅಟೆಂಡ್ ಟ್ರಯಲ್ (2017) ಮನೆಯವರಿಗೇ ವ್ಯಾಯಾಮ ಕಲಿಸಿ ಕಳಿಸಿದರೆ ಸಾಕೇ ಎಂದು ಕೇಳಿತ್ತು. ಹೆಚ್ಚಿನ ಲಾಭವಿಲ್ಲ ಎಂಬ ಉತ್ತರ ಬಂತು. ಸ್ಟೆಮ್ ಸೆಲ್ ಹೆಸರಿನಲ್ಲಿ ಇಂದಿಗೂ ಜಾಹೀರಾತು ಹಾಕುವವರು ಏಮ್ಸ್ ಟ್ರಯಲ್‌ನ ಹೆಸರೆತ್ತದಿರುವುದು ಆಶ್ಚರ್ಯವಲ್ಲ.

ಹುಡುಕುವುದು

ಭಾರತದಲ್ಲಿ ನಡೆಯುವ ಟ್ರಯಲ್‌ಗಳು ಸೇರುವ ದಾಖಲೆಯ ಹೆಸರು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ - ಇಂಡಿಯಾ, ಚಿಕ್ಕದಾಗಿ ಸಿಟಿಆರ್‌ಐ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದನ್ನು 2007ರ ಜುಲೈ 20ರಂದು ಆರಂಭಿಸಿತು. 2009ರ ಜೂನ್ 15ರಿಂದ ಔಷಧ ನಿಯಂತ್ರಕರು ನೋಂದಣಿಯನ್ನು ಕಡ್ಡಾಯ ಮಾಡಿದರು. 2018ರ ಏಪ್ರಿಲ್ 1ರಿಂದ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ನೋಂದಾಯಿಸಿದ ಟ್ರಯಲ್‌ಗಳಿಗೆ ಮಾತ್ರ ಪ್ರವೇಶ. ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಆದರೆ ಎಲ್ಲವೂ ಇಂಗ್ಲಿಷಿನಲ್ಲಿ. ಊರಿನ ಕಾಲೇಜು ಹುಡುಗಿಯನ್ನೋ ಹುಡುಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು 'ಸ್ಪೈನಲ್ ಕಾರ್ಡ್ ಇಂಜುರಿ', 'ಪ್ಯಾರಾಪ್ಲೀಜಿಯ', 'ಟೆಟ್ರಾಪ್ಲೀಜಿಯ', 'ಕ್ವಾಡ್ರಿಪ್ಲೀಜಿಯ', ಪಾರ್ಶ್ವವಾಯುವಾದರೆ 'ಸ್ಟ್ರೋಕ್', 'ಹೆಮಿಪ್ಲೀಜಿಯ' ಎಂಬ ಪದಗಳನ್ನು ಒಂದೊಂದಾಗಿ ಹಾಕಿ ಹುಡುಕಬೇಕು. ಒಂದೇ ಪದಕ್ಕೆ ಎಲ್ಲವೂ ಸಿಗುವುದಿಲ್ಲ. ಸಿಕ್ಕವುಗಳಲ್ಲಿ ಫಿಸಿಯೊಥೆರಪಿ, ಯೋಗ, ಆಯುರ್ವೇದದ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧದ ಅಧ್ಯಯನಗಳೂ ಇರುತ್ತವೆ. ಅವನ್ನು ಹಗುರವಾಗಿ ಕಾಣಬೇಕಿಲ್ಲ: ಹತ್ತಿರದ ಕಾಲೇಜಿನಲ್ಲಿ ನಡೆಯುತ್ತವೆ, ಅಪಾಯ ಕಡಿಮೆ, ಕೆಲವು ವಾರ ಒಳ್ಳೆಯ ವ್ಯಾಯಾಮವಾದರೂ ಸಿಗುತ್ತದೆ.

ಪ್ರತಿ ದಾಖಲೆಯಲ್ಲಿ ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ, ಯಾವ ಆಸ್ಪತ್ರೆ, ಯಾವ ನೀತಿ ಸಮಿತಿ ಒಪ್ಪಿದೆ, ಹಣ ಯಾರದು, ಸಾರ್ವಜನಿಕರು ಯಾರನ್ನು ಕೇಳಬೇಕು ಎಂಬೆಲ್ಲ ವಿವರ ಇರುತ್ತದೆ. ಮೊದಲು ಓದಬೇಕಾದದ್ದು ಬಿಡುವವರ ಪಟ್ಟಿ. ಬೆಡ್‌ಸೋರ್, ಮೂತ್ರದ ಸೋಂಕು, ಬಿಗಿದುಕೊಂಡ ಕೀಲು, ತಲೆಗೂ ಆದ ಪೆಟ್ಟು, ವೆಂಟಿಲೇಟರ್ ಅವಲಂಬನೆ, ಎಂಆರ್‌ಐಗೆ ಒಗ್ಗದ ಲೋಹ, ಗರ್ಭ, ಈ ಮೊದಲು ಪಡೆದ ಸ್ಟೆಮ್ ಸೆಲ್ ಇವು ಮತ್ತೆ ಮತ್ತೆ ಕಾಣುವ ಅಡ್ಡಿಗಳು. ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು. ಲಕ್ಷಗಟ್ಟಲೆ ಕೊಟ್ಟು ಎಲ್ಲೋ ಚುಚ್ಚಿಸಿಕೊಂಡ ಕೋಶಗಳು, ನಾಳೆ ಬರಬಹುದಾದ ನಿಜವಾದ ಟ್ರಯಲ್‌ನ ಬಾಗಿಲನ್ನೇ ಮುಚ್ಚಬಲ್ಲವು.

ವಿದೇಶಗಳ ಟ್ರಯಲ್‌ಗಳಿಗೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 2000ರಿಂದ ನಡೆಸುತ್ತಿರುವ ಕ್ಲಿನಿಕಲ್‌ಟ್ರಯಲ್ಸ್.ಗೌ ದೊಡ್ಡ ಆಕರ. ಅಲ್ಲಿನ ಗುರುತು ಸಂಖ್ಯೆ ಎನ್‌ಸಿಟಿ ಅಕ್ಷರಗಳಿಂದ ಶುರುವಾಗುತ್ತದೆ. ಹಲವು ದೇಶಗಳ ದಾಖಲೆಗಳನ್ನು ಒಂದೇ ಕಡೆ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆಯ ಪೋರ್ಟಲ್ ಇದೆ. ಟ್ರಯಲ್ ರೋಗಿಗಳನ್ನು ಸೇರಿಸಿಕೊಳ್ಳುತ್ತಿದೆಯೇ, ಇನ್ನೂ ಶುರುವಾಗಿಲ್ಲವೇ, ಸೇರ್ಪಡೆ ಮುಗಿದಿದೆಯೇ, ಅರ್ಧಕ್ಕೇ ನಿಂತಿದೆಯೇ ಎಂಬುದು ಅಲ್ಲಿ ಬರೆದಿರುತ್ತದೆ. 'ಸ್ಥಿತಿ ತಿಳಿಯದು' ಎಂದಿದ್ದರೆ, ಮುಗಿಯುವ ದಿನ ಕಳೆದರೂ ಎರಡು ವರ್ಷಗಳಿಂದ ಯಾರೂ ಮಾಹಿತಿಯನ್ನು ಖಚಿತಪಡಿಸಿಲ್ಲವೆಂದು ಅರ್ಥ. ಅಂಥದಕ್ಕೆ ಪತ್ರ ಬರೆದು ಕಾಯುವುದು ದಂಡ. ಭಾರತದಿಂದ ಹೋಗಿ ಸೇರುವುದು ಸುಲಭವಲ್ಲ. ವೀಸಾ, ಜೊತೆಗೊಬ್ಬರ ಖರ್ಚು, ತಿಂಗಳುಗಟ್ಟಲೆ ವಾಸ, ವರ್ಷಗಟ್ಟಲೆ ಮರುಭೇಟಿ ಎಲ್ಲ ಇವೆ. ಬಹಳ ಟ್ರಯಲ್‌ಗಳು ಕೇಂದ್ರದ ಹತ್ತಿರ ವಾಸಿಸುವವರನ್ನೇ ಬಯಸುತ್ತವೆ. ಅಮೆರಿಕ, ಯೂರೋಪುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ತೊಡಕು ಕಡಿಮೆ.

ಈ ದಾಖಲೆಗಳಲ್ಲಿ ಹೆಸರಿದ್ದ ಮಾತ್ರಕ್ಕೆ ಸರ್ಕಾರ ಮುದ್ರೆ ಒತ್ತಿದೆಯೆಂದು ತಿಳಿಯಬಾರದು. ರೋಗಿಗಳಿಂದಲೇ ಹಣ ಕೀಳುವ ಸ್ಟೆಮ್ ಸೆಲ್ ವ್ಯಾಪಾರಿಗಳು ತಮ್ಮ ಅಂಗಡಿಯನ್ನು 'ಅಧ್ಯಯನ' ಎಂದು ಅಮೆರಿಕದ ದಾಖಲೆಯಲ್ಲೇ ನೋಂದಾಯಿಸಿರುವುದನ್ನು ಲೀ ಟರ್ನರ್ ಎಂಬ ಸಂಶೋಧಕರು 2017ರಲ್ಲಿ ಹೊರಗೆಳೆದರು.

ಪುಸ್ತಕ, ಪರದೆಗಳಿಗಿಂತ ಕೆಲವೊಮ್ಮೆ ಮನುಷ್ಯರೇ ಉಪಯೋಗಕ್ಕೆ ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ನರ ಪುನರ್ವಸತಿ ವಿಭಾಗ, ವೆಲ್ಲೂರಿನ ಸಿಎಂಸಿ, ದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಇಂಥ ಕಡೆಯ ಪುನರ್ವಸತಿ ವೈದ್ಯರಿಗೆ ಯಾವ ಟ್ರಯಲ್ ಎಲ್ಲಿ ನಡೆಯುತ್ತಿದೆ ಎಂಬ ಸುಳಿವು ಇರುತ್ತದೆ. ದೆಹಲಿಯ ಕೇಂದ್ರವನ್ನು ಕಟ್ಟಿದ ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ 1965ರಲ್ಲಿ ಎವರೆಸ್ಟ್ ಏರಿ, ಅದೇ ವರ್ಷ ಗುಂಡೇಟಿನಿಂದ ವ್ಹೀಲ್‌ಚೇರ್ ಸೇರಿದವರು. ಬೆಂಗಳೂರಿನಲ್ಲಿ 1959ರಿಂದ ಇರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಬೆನ್ನುಹುರಿ ಘಾತದವರ ನಡುವೆ ಕೆಲಸ ಮಾಡುತ್ತ ಬಂದಿದೆ.

ಸೇರುವುದು

ಟ್ರಯಲ್‌ನ ತಂಡ ಮೊದಲು ಫೋನಿನಲ್ಲೋ ಪತ್ರದಲ್ಲೋ ವಿವರ ಕೇಳುತ್ತದೆ. ಆಮೇಲೆ ಆಸ್ಪತ್ರೆಗೆ ಕರೆಸಿ ದರ್ಜೆಯ ಪರೀಕ್ಷೆ, ಎಂಆರ್‌ಐ, ರಕ್ತಪರೀಕ್ಷೆ ಮಾಡಿಸುತ್ತದೆ. ಡಿಸ್ಚಾರ್ಜ್ ಸಮ್ಮರಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಬೆನ್ನಿಗೆ ಹಾಕಿದ ರಾಡು, ಸ್ಕ್ರೂ ಯಾವ ಲೋಹದ್ದೆಂಬ ಚೀಟಿ ಇವನ್ನು ಜೋಪಾನ ಮಾಡಿಟ್ಟವರ ಕೆಲಸ ಬೇಗ ಆಗುತ್ತದೆ. ಎಲ್ಲ ಹೊಂದಿದ ಮೇಲೂ ಚಿಕಿತ್ಸೆ ಸಿಗುವುದು ಖಾತ್ರಿಯಲ್ಲ. ಬಹುಪಾಲು ದೊಡ್ಡ ಟ್ರಯಲ್‌ಗಳಲ್ಲಿ ಯಾರಿಗೆ ಹೊಸ ಚಿಕಿತ್ಸೆ, ಯಾರಿಗೆ ಹಳೆಯದು ಅಥವಾ ಪ್ಲಸೀಬೊ (ತೋರಿಕೆಯ ಚಿಕಿತ್ಸೆ) ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತದೆ. ವೈದ್ಯರ ಶಿಫಾರಸು ಅಲ್ಲಿ ನಡೆಯುವುದಿಲ್ಲ. ಪಾರ್ಶ್ವವಾಯುವಿನಿಂದ ತೋಳಿನ ಬಲ ಕುಂದಿದ 108 ಮಂದಿಯ ಮೇಲೆ ಬ್ರಿಟನ್, ಅಮೆರಿಕಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ವೇಗಸ್ ನರದ ಟ್ರಯಲ್‌ನಲ್ಲಿ ಎಲ್ಲರಿಗೂ ಕತ್ತಿನಲ್ಲಿ ಹಾಯುವ ಈ ನರಕ್ಕೆ ಉಪಕರಣ ಅಳವಡಿಸಿ, ಒಂದು ಗುಂಪಿನವರಿಗೆ ಮಾತ್ರ ಸರಿಯಾದ ವಿದ್ಯುತ್ ಕೊಟ್ಟರು. ಇನ್ನೊಂದು ಗುಂಪಿನವರಿಗೂ ಆಪರೇಷನ್ ಆಗಿತ್ತು, ಗಾಯವಿತ್ತು, ಅಷ್ಟೇ ವ್ಯಾಯಾಮವಿತ್ತು. ಅವರಿಗೆ ನಿಜವಾದ ಪ್ರಚೋದನೆ ಸಿಕ್ಕಿದ್ದು ಹೋಲಿಕೆಯ ಅವಧಿ ಮುಗಿದ ಮೇಲೆ. ಆ ಹೋಲಿಕೆ ಇದ್ದುದರಿಂದಲೇ ಫಲಿತಾಂಶವನ್ನು ಜನ ನಂಬಿದರು. ಉಪಕರಣಕ್ಕೆ ಅದೇ ವರ್ಷ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು.

ಭಾರತದಲ್ಲಿ ಔಷಧಗಳ ಟ್ರಯಲ್‌ಗಳನ್ನು 2019ರ ಮಾರ್ಚ್ 19ರಂದು ಜಾರಿಗೆ ಬಂದ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳು ನಡೆಸುತ್ತವೆ. ಉಪಕರಣಗಳಿಗೆ 2017ರ ವೈದ್ಯಕೀಯ ಉಪಕರಣ ನಿಯಮಗಳಿವೆ. ಸಮ್ಮತಿ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು, ಒಂದು ಪ್ರತಿ ಅವರ ಕೈಗೆ ಬರಬೇಕು. ಓದಲು ಬಾರದವರಿಗೆ ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯೊಬ್ಬರ ಮುಂದೆ ಓದಿ ಹೇಳಬೇಕು. ಪ್ರಯೋಗದ ಅವಧಿಯಲ್ಲಿ ಹಾನಿಯಾದರೆ, ಅದು ಪ್ರಯೋಗದಿಂದ ಆದದ್ದಲ್ಲವೆಂದು ಸಾಬೀತಾಗುವವರೆಗೆ ಅಥವಾ ಅಗತ್ಯವಿರುವವರೆಗೆ ಉಚಿತ ಚಿಕಿತ್ಸೆ ಕೊಡಬೇಕು. ಪ್ರಯೋಗದಿಂದಲೇ ಆದದ್ದಾದರೆ ಪರಿಹಾರವನ್ನೂ ಕೊಡಬೇಕು. ಕತ್ತಿನ ಪೆಟ್ಟಿನಿಂದ ಕೈ ಆಡದವರ ವಿಷಯದಲ್ಲಿ ಒಂದು ತಪ್ಪು ಸಾಮಾನ್ಯ: ಸಹಿ ಹಾಕಲಾರರೆಂದು ಅಣ್ಣನನ್ನೋ ಗಂಡನನ್ನೋ ಕೇಳಿ ಮುಗಿಸಿಬಿಡುತ್ತಾರೆ. ಕೈ ಆಡದಿದ್ದರೂ ಬುದ್ಧಿ ಅವರದೇ. ಒಪ್ಪುವುದೂ ಬಿಡುವುದೂ ಅವರಿಗೇ ಸೇರಿದ್ದು. ಅಪಘಾತವಾಗಿ ಕೆಲವೇ ಗಂಟೆಗಳಲ್ಲಿ ಕೇಳುವ ಟ್ರಯಲ್‌ಗಳಲ್ಲಿ ರೋಗಿಗೆ ಪ್ರಜ್ಞೆಯಿಲ್ಲದಿದ್ದರೆ ಮಾತ್ರ ಮನೆಯವರ ಮಾತು ನಡೆಯುತ್ತದೆ.

ಯಾವಾಗ ಬೇಕಾದರೂ ಹೊರಬರಬಹುದು ಎಂಬ ವಾಕ್ಯ ಎಲ್ಲ ಸಮ್ಮತಿ ಪತ್ರಗಳಲ್ಲೂ ಇರುತ್ತದೆ. ಮಾತ್ರೆಯ ಟ್ರಯಲ್‌ನಲ್ಲಿ ಅದು ಪೂರ್ತಿ ನಿಜ. ಬೆನ್ನುಹುರಿಗೆ ಸೇರಿಸಿದ ಕೋಶಗಳನ್ನು ಮಾತ್ರ ವಾಪಸು ತೆಗೆಯಲಾಗದು. ಎಲೆಕ್ಟ್ರೋಡ್ ತೆಗೆಯಲು ಇನ್ನೊಂದು ಆಪರೇಷನ್ ಬೇಕು. ಟ್ರಯಲ್ ಮುಗಿದ ಮೇಲೆ ಉಪಕರಣದ ಬ್ಯಾಟರಿ ಬದಲಿಸುವವರು ಯಾರೆಂದು ಕೇಳುವುದು ಕೂಡ ಅತಿಯಲ್ಲ. ಕೈಯ ಹಿಡಿತ ಮರಳಿಸುವ ಫ್ರೀಹ್ಯಾಂಡ್ ಎಂಬ ಉಪಕರಣಕ್ಕೆ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿ, 250ಕ್ಕೂ ಹೆಚ್ಚು ಜನರಿಗೆ ಅಳವಡಿಸಿದ್ದರು. ಉಪಕರಣ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಲಾಭವಿಲ್ಲವೆಂದು ಕಂಪನಿ 2001ರಲ್ಲಿ ಕೈಬಿಟ್ಟಿತು.

ಹಣ ಕೇಳುವ 'ಪ್ರಯೋಗಗಳು'

ಐಸಿಎಂಆರ್ 2017ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ, ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಚಿಕಿತ್ಸೆಯನ್ನು ಬಿಟ್ಟರೆ ಉಳಿದೆಲ್ಲ ಸ್ಟೆಮ್ ಸೆಲ್ ಬಳಕೆಯೂ ಒಪ್ಪಿಗೆ ಪಡೆದ ಟ್ರಯಲ್‌ನೊಳಗೆ ಮಾತ್ರ ನಡೆಯಬೇಕೆಂದು ಸ್ಪಷ್ಟವಾಗಿ ಹೇಳಿದೆ. ಬೆನ್ನುಹುರಿ ಘಾತಕ್ಕೆ ಸ್ಟೆಮ್ ಸೆಲ್ 'ಪ್ಯಾಕೇಜ್' ಮಾರುವುದು ಈ ಮಾರ್ಗಸೂಚಿಗೆ ವಿರುದ್ಧ. ಹೊರದೇಶಗಳ ಅನುಭವ ಭಯ ಹುಟ್ಟಿಸುವಂಥದ್ದು. ಬೀಜಿಂಗ್‌ನಲ್ಲಿ ಭ್ರೂಣದ ಕೋಶ ಹಾಕಿಸಿಕೊಂಡ ಏಳು ಮಂದಿಯನ್ನು ಚಿಕಿತ್ಸೆಗೆ ಮುಂಚೆಯೂ ಆಮೇಲೂ ಪರೀಕ್ಷಿಸಿ 2006ರಲ್ಲಿ ಬರೆದ ಪಾಶ್ಚಾತ್ಯ ವೈದ್ಯರು, ಉಪಯುಕ್ತ ಚೇತರಿಕೆ ಕಾಣಲಿಲ್ಲ, ಮೆದುಳುಪೊರೆಯ ಉರಿಯೂತದಂಥ ತೊಂದರೆಗಳು ಕಂಡವು ಎಂದರು. ಮೂಗಿನೊಳಗಿನ ಲೋಳೆಪೊರೆಯ ಕೋಶಗಳನ್ನು ಬೆನ್ನುಹುರಿಗೆ ಹಾಕಿಸಿಕೊಂಡ ಯುವತಿಯೊಬ್ಬಳಿಗೆ ಎಂಟು ವರ್ಷಗಳ ಮೇಲೆ ಬೆನ್ನುನೋವು ಶುರುವಾಯಿತು. ಅಮೆರಿಕದ ಅಯೋವಾದ ವೈದ್ಯರು ಬಿಚ್ಚಿ ನೋಡಿದರೆ, ಬೆನ್ನುಹುರಿಯೊಳಗೆ ಸಿಂಬಳದಂಥ ದ್ರವ ಸುರಿಸುವ ಗಡ್ಡೆ ಬೆಳೆದಿತ್ತು. ಇದು 2014ರ ವೈದ್ಯಕೀಯ ಪತ್ರಿಕೆಯೊಂದರಲ್ಲಿ ದಾಖಲಾಗಿದೆ.

ಟ್ರಯಲ್ ಸಿಗುವವರೆಗೆ ಮಾಡುವ ಕೆಲಸ ಬೇಸರದ್ದೇ ಆದರೂ ಫಲ ಕೊಡುವಂಥದ್ದು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕೀಲುಗಳನ್ನು ದಿನವೂ ಆಡಿಸುವುದು, ಕ್ಯಾಥೆಟರ್ ಶುಚಿಯಾಗಿಡುವುದು, ಮೂಳೆ ಸವೆಯದಂತೆ ವೈದ್ಯರು ಹೇಳಿದಷ್ಟು ಹೊತ್ತು ನಿಲ್ಲುವ ಚೌಕಟ್ಟಿನಲ್ಲಿ ನಿಲ್ಲುವುದು. ಬಿಡುವವರ ಪಟ್ಟಿಯಲ್ಲಿರುವ ಕೆಲವು ಅಡ್ಡಿಗಳನ್ನು ಹೀಗೆ ದೂರವಿಡುವುದು ರೋಗಿಯ ಕೈಯಲ್ಲೇ ಇದೆ. ಟ್ರಯಲ್ ಎಂದು ಹೇಳಿ ಯಾರಾದರೂ ಹಣ ಕೇಳಿದರೆ ಸಿಟಿಆರ್‌ಐ ಸಂಖ್ಯೆಯನ್ನೂ ನೀತಿ ಸಮಿತಿಯ ಹೆಸರನ್ನೂ ಬರೆದುಕೊಡಲು ಹೇಳಿ. ಬರೆದುಕೊಟ್ಟೂ ಹಣ ಕೇಳಿದರೆ ಆ ಸಮಿತಿಗೇ ದೂರು ಕೊಡಿ.